ಪ್ರತಿಭೆ ಐತಿ, ಕಾಗದ ಎಲ್ಲೈತಿ?

(ಧಾರವಾಡದಲ್ಲಿ ಸಂಗೀತದ ವಿದ್ಯಾರ್ಥಿಗಳು, ಸಂಶೋಧಕರು ಮತ್ತು ಅವರ ಮನೆಯವರು ಸೇರಿದ್ದ ಸಭೆಯಲ್ಲಿ ನಿವೃತ್ತ ಇಂಗ್ಲಿಷ್ ಅಧ್ಯಾಪಕರೊಬ್ಬರು ಆಡಿದ ಮಾತುಗಳ ಬರಹ ರೂಪ.)

ನಾನು ವಕೀಲನಲ್ಲ. ವೀಸಾ ಏಜೆಂಟನಂತೂ ಅಲ್ಲವೇ ಅಲ್ಲ. ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ಮನೆಯಲ್ಲಿ ಕೂತ ಮೇಲೆ ಜನ ಕನ್ನಡದ ಪೇಪರ್ ಕಟಿಂಗು, ಸನ್ಮಾನ ಪತ್ರ, ಆಮಂತ್ರಣ ಪತ್ರಿಕೆಗಳ ಗಂಟು ತಂದು "ಇದನ್ನಷ್ಟು ಇಂಗ್ಲಿಷಿಗೆ ಮಾಡಿ ಕೊಡ್ರಿ ಸರ್" ಅನ್ನತೊಡಗಿದರು. ಯಾಕಪ್ಪಾ ಅಂದರೆ "ಓ-ಒನ್ ಫೈಲಿಗೆ ಬೇಕಾಗೇತಿ". ಓ-ಒನ್ ಅಂದರೆ ಅಮೆರಿಕದ ಓ-1 ಎಂಬ ವೀಸಾ. ಅನುವಾದ ಮಾಡುವವನು ಏನನ್ನು ಅನುವಾದಿಸುತ್ತಿದ್ದೇನೆ, ಅದು ಯಾರ ಮೇಜಿಗೆ ಹೋಗುತ್ತದೆ ಎಂದು ತಿಳಿದುಕೊಳ್ಳಬೇಕಲ್ಲ. ಹಾಗೆ ಓದುತ್ತ ಹೋದದ್ದು, ಫೈಲುಗಳನ್ನು ನೋಡುತ್ತ ಹೋದದ್ದು ಇಲ್ಲಿಗೆ ತಂದು ನಿಲ್ಲಿಸಿದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅಸಾಧಾರಣ ಪ್ರತಿಭೆ ಇದ್ದವರಿಗೆ ಅಂತ ಇರುವ ಈ ವೀಸಾ ಪ್ರತಿಭೆಯನ್ನು ಅಳೆಯುವುದಿಲ್ಲ. ಅಳೆಯಲು ಅವರಿಗೆ ಬರುವುದೂ ಇಲ್ಲ. ನಿಮ್ಮ ಮುಖ ನೋಡದ, ನಿಮ್ಮ ಹಾಡು ಕೇಳದ, ನಿಮ್ಮ ಲ್ಯಾಬಿಗೆ ಕಾಲಿಡದ ಒಬ್ಬ ಅಧಿಕಾರಿ ಕಾಗದ ತಿರುವಿ ಹಾಕುತ್ತಾನೆ. ನಿಮ್ಮ ಕೆಲಸಕ್ಕೆ ನಿಮ್ಮವರಲ್ಲದ ಜನ ಏನು ಬೆಲೆ ಕೊಟ್ಟರು, ಅದು ಎಲ್ಲಿ ಬರೆದಿಟ್ಟಿದೆ, ಅಷ್ಟೇ ಅವನು ಹುಡುಕುವುದು. ನಮ್ಮ ಭಾಗದಲ್ಲಿ ಪ್ರತಿಭೆಗೆ ಬರವಿಲ್ಲ. ಆದರೆ ಕಾಗದ ಜೋಪಾನ ಮಾಡುವ ವಿಷಯದಲ್ಲಿ ನಾವು ಭಾಳ ಸಡಿಲ. ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಅಮೆರಿಕದಲ್ಲಿ 1990ರಲ್ಲಿ ವಲಸೆ ಕಾನೂನಿಗೆ ದೊಡ್ಡ ತಿದ್ದುಪಡಿ ಆಯಿತು. ನಮ್ಮ ಸಾಫ್ಟ್‌ವೇರ್ ಹುಡುಗರಿಗೆಲ್ಲ ಗೊತ್ತಿರುವ ಎಚ್-1ಬಿ ಎಂಬ ಕೆಲಸದ ವೀಸಾ ಈಗಿನ ರೂಪಕ್ಕೆ ಬಂದದ್ದು ಆ ಕಾನೂನಿನಿಂದಲೇ. ಓ ಮತ್ತು ಪಿ ಎಂಬ ವೀಸಾ ವರ್ಗಗಳು ಹುಟ್ಟಿದ್ದೂ ಅದರಲ್ಲೇ. ಎಚ್-1ಬಿಗೆ ವರ್ಷಕ್ಕೆ 65,000, ಅಮೆರಿಕದಲ್ಲೇ ಮಾಸ್ಟರ್ಸ್ ಮಾಡಿದವರಿಗೆ ಇನ್ನೊಂದು 20,000 ಎಂದು ಮಿತಿ. ಅರ್ಜಿ ಅದಕ್ಕಿಂತ ಹೆಚ್ಚು ಬಂದರೆ ಲಾಟರಿ. ಅದರ ಮೇಲೆ 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಎಂಬ ಅಧ್ಯಕ್ಷರ ಘೋಷಣೆ ಹೊರಬಿತ್ತು. ಅಲ್ಲಿಂದೀಚೆಗೆ ನನ್ನ ಮನೆಗೆ ಬರುವವರ ಚಹರೆಯೇ ಬದಲಾಗಿದೆ. ಮೊದಲು ತಬಲಾ ಚೀಲ ಹೆಗಲಿಗೆ ಹಾಕಿಕೊಂಡವರು ಬರುತ್ತಿದ್ದರು, ಈಗ ಲ್ಯಾಪ್‌ಟಾಪ್ ಬ್ಯಾಗಿನವರು.

ಓ-1ಕ್ಕೆ ಮಿತಿಯಿಲ್ಲ, ಲಾಟರಿಯಿಲ್ಲ. ಡಿಗ್ರಿ ಇರಲೇಬೇಕು ಎಂಬ ಷರತ್ತೂ ಇಲ್ಲ. ಇದನ್ನು ಸಂಗೀತದವರು ಗಮನಿಸಬೇಕು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಆಶ್ರಮದಲ್ಲಿ ಹಾರ್ಮೋನಿಯಂ ಕಲಿತವನಿಗೂ ಈ ಬಾಗಿಲು ತೆರೆದಿದೆ. ಮೊದಲ ಸಲ ಗರಿಷ್ಠ 3 ವರ್ಷ ಕೊಡುತ್ತಾರೆ. ಆಮೇಲೆ ಸಾಮಾನ್ಯವಾಗಿ ವರ್ಷ ವರ್ಷ ಮುಂದುವರಿಸುತ್ತಾರೆ. ಒಂದೇ ತೊಡಕೆಂದರೆ, ನಿಮಗೆ ನೀವೇ ಅರ್ಜಿ ಹಾಕಿಕೊಳ್ಳಲು ಬರುವುದಿಲ್ಲ. ಅಲ್ಲಿನ ಒಬ್ಬ ಉದ್ಯೋಗದಾತನೋ ಏಜೆಂಟನೋ ನಿಮ್ಮ ಪರವಾಗಿ ಹಾಕಬೇಕು. ಜೊತೆಗೆ ನಿಮ್ಮ ಕ್ಷೇತ್ರದ ಸಂಘವೊಂದರ ಅಭಿಪ್ರಾಯ ಪತ್ರವನ್ನೂ ಇಡಬೇಕು.

ಇದರ ದೊಡ್ಡಣ್ಣ ಇನ್ನೊಂದಿದೆ: ಇಬಿ-1ಎ. ಅದು ಗ್ರೀನ್ ಕಾರ್ಡಿನ, ಅಂದರೆ ಅಮೆರಿಕದಲ್ಲಿ ಕಾಯಂ ನೆಲೆಸುವ ಪರವಾನಗಿಯ ದಾರಿ. ಅದಕ್ಕೆ ನೀವೇ ಅರ್ಜಿ ಹಾಕಬಹುದು, ಯಾವ ಕಂಪನಿಯ ಹಂಗೂ ಬೇಡ. ಪತ್ರಿಕೆಯವರು ಇದಕ್ಕೆ 'ಐನ್‌ಸ್ಟೈನ್ ವೀಸಾ' ಅಂತ ಅಡ್ಡಹೆಸರು ಇಟ್ಟಿದ್ದಾರೆ. ಐನ್‌ಸ್ಟೈನ್ ಪ್ರಿನ್ಸ್‌ಟನ್ನಿಗೆ ಬಂದು ನೆಲೆಸಿದ್ದು 1933ರಲ್ಲಿ; ಈ ಕಾನೂನು ಬಂದದ್ದು ಆತ ತೀರಿಹೋಗಿ 35 ವರ್ಷದ ಮೇಲೆ. ಹೆಸರಿಗೆ ಹೆದರಬೇಡಿ, ಹೆಸರಿಗೆ ಮರುಳೂ ಆಗಬೇಡಿ.

ಹೆಸರಿನ ಮಾತು ಬಂತು ಅಂತ ಒಂದು ಕೇಸು ಹೇಳುತ್ತೇನೆ. ವಕೀಲರೆಲ್ಲ ಅದನ್ನೇ ಜಪಿಸುತ್ತಾರೆ. ಕಜಾರಿಯನ್ ಎಂಬ ಭೌತವಿಜ್ಞಾನಿ, ಆರ್ಮೇನಿಯಾದ ಯೆರೆವಾನ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿದವರು. ಅವರ ವಿಶೇಷ ಅಧ್ಯಯನ ಯಾವುದು ಅಂತೀರಿ? ಐನ್‌ಸ್ಟೈನನದ್ದಲ್ಲದ ಗುರುತ್ವ ಸಿದ್ಧಾಂತಗಳು! ಕೇಳಿದ್ದು ಐನ್‌ಸ್ಟೈನ್ ವೀಸಾ. ನಗಬೇಡಿ, ಮನುಷ್ಯ ಪಾಪ ವಿದ್ವಾಂಸ. ದೊಡ್ಡವರ ಪತ್ರಗಳಿದ್ದವು, ಲೇಖನಗಳಿದ್ದವು, ತಾವೇ ಅಚ್ಚು ಹಾಕಿಸಿದ ಪಠ್ಯಪುಸ್ತಕವೂ ಇತ್ತು. ಅರ್ಜಿ ತಿರಸ್ಕೃತವಾಯಿತು, ಕೋರ್ಟಿಗೆ ಹೋದರು. 2010ರಲ್ಲಿ ಅಮೆರಿಕದ 9ನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಒಂದು ವಿಚಿತ್ರ ತೀರ್ಪು ಕೊಟ್ಟಿತು. ಅಧಿಕಾರಿಗಳು ಕಾನೂನಿನಲ್ಲಿ ಬರೆಯದ ಷರತ್ತುಗಳನ್ನು ತಾವೇ ಸೇರಿಸಿದ್ದು ತಪ್ಪು ಎಂದಿತು. ಆದರೂ ಕಜಾರಿಯನ್ನರಿಗೆ ವೀಸಾ ಸಿಗಲಿಲ್ಲ. ಮೂರು ಮಾನದಂಡ ದಾಟಬೇಕಿತ್ತು, ಅವರ ಕಾಗದ ದಾಟಿದ್ದು ಎರಡೇ.

ಆ ತೀರ್ಪಿನ ನಂತರ ಅಲ್ಲಿನ ವಲಸೆ ಇಲಾಖೆ ಎರಡು ಹಂತ ಮಾಡಿಕೊಂಡಿತು. ಮೊದಲು ಎಣಿಕೆ: ಪಟ್ಟಿಯಲ್ಲಿ ಕನಿಷ್ಠ ಮೂರಕ್ಕೆ ಪುರಾವೆ ಇದೆಯೋ ಇಲ್ಲವೋ. ಆಮೇಲೆ ತೂಕ: ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಮನುಷ್ಯ ತನ್ನ ಕ್ಷೇತ್ರದ ತುತ್ತತುದಿಯ ಕೆಲವೇ ಜನರಲ್ಲಿ ಒಬ್ಬನೋ ಅಲ್ಲವೋ. ಎಷ್ಟೋ ಫೈಲು ಎಣಿಕೆಯಲ್ಲಿ ಪಾಸಾಗಿ ತೂಕದಲ್ಲಿ ಬೀಳುತ್ತವೆ. "ಮೂರು ಟಿಕ್ ಆದ್ರ ಮುಗೀತು" ಅಂತ ಯೂಟ್ಯೂಬಿನಲ್ಲಿ ಹೇಳುವವರು ಎರಡನೇ ಹಂತದ ಬಗ್ಗೆ ತುಟಿ ಬಿಚ್ಚುವುದಿಲ್ಲ.

ಆ ಪಟ್ಟಿಯಲ್ಲಿ ಏನಿದೆ? ನೊಬೆಲ್‌ನಂಥ ಒಂದು ದೊಡ್ಡ ಪ್ರಶಸ್ತಿ ಇದ್ದರೆ ಪಟ್ಟಿಯ ಗೊಡವೆಯೇ ಇಲ್ಲ. ಇಲ್ಲದ ನಮ್ಮಂಥವರಿಗೆ, ವಿಜ್ಞಾನ, ಶಿಕ್ಷಣ, ವ್ಯಾಪಾರ, ಕ್ರೀಡೆಯವರ ಓ-1ಎಗೆ ಎಂಟರಲ್ಲಿ ಮೂರು, ಇಬಿ-1ಎಗೆ ಹತ್ತರಲ್ಲಿ ಮೂರು. ರಾಷ್ಟ್ರಮಟ್ಟದ ಪ್ರಶಸ್ತಿ, ಸಾಧಕರನ್ನಷ್ಟೇ ಸೇರಿಸಿಕೊಳ್ಳುವ ಸಂಘದ ಸದಸ್ಯತ್ವ, ನಿಮ್ಮ ಬಗ್ಗೆ ಪತ್ರಿಕೆಯಲ್ಲಿ ಬಂದ ಬರಹ, ಬೇರೆಯವರ ಕೆಲಸಕ್ಕೆ ತೀರ್ಪುಗಾರರಾಗಿದ್ದು, ಪಾಂಡಿತ್ಯದ ಲೇಖನಗಳು, ಹೆಸರಾಂತ ಸಂಸ್ಥೆಯಲ್ಲಿ ನೀವಿಲ್ಲದೆ ನಡೆಯದಂಥ ಪಾತ್ರ, ಉಳಿದವರಿಗಿಂತ ಹೆಚ್ಚಿನ ಸಂಬಳ, ಹೀಗೆ. ಎಲ್ಲಕ್ಕಿಂತ ಕಷ್ಟದ್ದು 'ಮಹತ್ವದ ಸ್ವಂತ ಕೊಡುಗೆ' ಎಂಬುದು.

ಇದಕ್ಕೆ ಹೊರಗಿನ ಉದಾಹರಣೆ ಯಾಕೆ? ನಮ್ಮ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲೇ ಡಾ. ಕಾತರಕಿಯವರು ಲಕ್ಷ್ಮೀ ಎಂಬ ಹತ್ತಿ ತಳಿಗೆ ಬಾರ್ಬಡೆನ್ಸ್ ಎಂಬ ಬೇರೆಯೇ ಪ್ರಭೇದದ ಉದ್ದ ಎಳೆಯ ತಳಿಯನ್ನು ಕೂಡಿಸಿ 'ವರಲಕ್ಷ್ಮೀ' ತಂದರು. 1972ರಲ್ಲಿ ಅದು ರೈತರ ಹೊಲಕ್ಕೆ ಬಂತು. ಎರಡು ಪ್ರಭೇದ ಕೂಡಿಸಿ ವಾಣಿಜ್ಯಕ್ಕೆ ಬಂದ ಮೊದಲ ಹೈಬ್ರಿಡ್ ಹತ್ತಿ ಅದು. ಆಮೇಲೆ 1981ರಲ್ಲಿ ಡಿಸಿಎಚ್-32, ನಮ್ಮ ಹಿರಿಯರ ಬಾಯಲ್ಲಿ 'ಜಯಲಕ್ಷ್ಮೀ'. ಇಲ್ಲಿ ಕೂತ ಒಕ್ಕಲುತನದ ಮನೆಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಆ ಹತ್ತಿಯ ರೊಕ್ಕದಲ್ಲಿ ಮದುವೆಯಾದವರು, ಮನೆ ಕಟ್ಟಿಸಿದವರು ಎಷ್ಟು ಮಂದಿಯೋ.

ಈಗ ಊಹೆ ಮಾಡಿ, ಅಂಥ ತಳಿ ಬೆಳೆಸಿದ ವಿಜ್ಞಾನಿಯೊಬ್ಬರು ಇವತ್ತು ಫೈಲು ಮಾಡಬೇಕು. "ಇವರು ಒಳ್ಳೆ ಹತ್ತಿ ತಳಿ ತಂದರು" ಎಂದು ಬರೆದರೆ ಅಧಿಕಾರಿಗೆ ಅದು ಒಂದು ನೌಕರಿ, ಅಷ್ಟೇ. ತಳಿ ತರುವುದೇ ಅವರ ಕೆಲಸ, ಸಂಬಳ ಕೊಟ್ಟದ್ದೇ ಅದಕ್ಕೆ. 'ಮಹತ್ವದ' ಅಂತ ಆಗಬೇಕಾದರೆ ಯಾವ ಯಾವ ರಾಜ್ಯದಲ್ಲಿ ಎಷ್ಟು ಎಕರೆ ಬಿತ್ತಿದರು ಎಂಬ ಸರ್ಕಾರಿ ಅಂಕಿ, ಬೀಜೋತ್ಪಾದನೆಯ ರಜಿಸ್ಟರು, ಸಣ್ಣ ನೂಲು ತೆಗೆಯುವ ಗಿರಣಿಯೊಂದು ಈ ಎಳೆಯಿಂದ ತಮ್ಮಲ್ಲಿ ಏನು ಬದಲಾಯಿತು ಎಂದು ಬರೆದ ಕಾಗದ, ಬೇರೆ ದೇಶದ ತಳಿ ವಿಜ್ಞಾನಿಗಳು ಇದರ ಮೇಲೆ ಕೆಲಸ ಮುಂದುವರಿಸಿದ ಲೇಖನಗಳು ಬೇಕು. ತಳಿ ಎಷ್ಟು ಚೆನ್ನಾಗಿತ್ತು ಅನ್ನುವುದಕ್ಕಿಂತ, ಅದರಿಂದ ನಿಮ್ಮ ಗೋಡೆಯಾಚೆ ಏನು ಬದಲಾಯಿತು ಎಂಬುದು ಪ್ರಶ್ನೆ. ಇಲ್ಲಿ ಕೃಷಿ ವಿಶ್ವವಿದ್ಯಾಲಯದ, ಐಐಟಿಯ ಸಂಶೋಧನಾ ವಿದ್ಯಾರ್ಥಿಗಳು ಇದ್ದೀರಿ. ನಿಮ್ಮ ಪೇಪರನ್ನು ಎಷ್ಟು ಜನ ಉಲ್ಲೇಖಿಸಿದರು ಎಂಬ ಸಂಖ್ಯೆಯ ಜೊತೆಗೆ, ಉಲ್ಲೇಖಿಸಿದವರು ಅದನ್ನು ಬಳಸಿ ಏನು ಮಾಡಿದರು ಎಂದು ತೋರಿಸುವ ಎರಡು ಪುಟವನ್ನು ಗುರುತು ಹಾಕಿ ಇಟ್ಟುಕೊಳ್ಳಿ. ನೂರು ಉಲ್ಲೇಖಕ್ಕಿಂತ ಆ ಎರಡು ಪುಟ ತೂಕದ್ದು.

ಇನ್ನು ಸಂಗೀತ. ಕಲಾವಿದರಿಗೆ ಓ-1ಬಿ. ಇಲ್ಲಿ ಅಳತೆಗೋಲು ಸ್ವಲ್ಪ ಕೆಳಗಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ವಿಜ್ಞಾನಿಯಾದರೆ ಕ್ಷೇತ್ರದ ತುದಿಯಲ್ಲಿರಬೇಕು. ಕಲಾವಿದರಾದರೆ ಸಾಮಾನ್ಯವಾಗಿ ಕಾಣುವ ಮಟ್ಟಕ್ಕಿಂತ ಗಣನೀಯವಾಗಿ ಮೇಲಿದ್ದರೆ, ಹೆಸರು ಮಾಡಿದ್ದರೆ ಸಾಕು. ಆರರಲ್ಲಿ ಮೂರು ಮಾನದಂಡ. ಗಂಗೂಬಾಯಿ ಹಾನಗಲ್ಲರಿಗೆ 1971ರಲ್ಲೇ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ; ರೋಣದ ಭೀಮಸೇನ ಜೋಶಿಯವರಿಗೆ ಭಾರತರತ್ನ. ಅಂಥವರ ಫೈಲು ಯಾರು ಬೇಕಾದರೂ ಮಾಡಬಹುದು. ಕಷ್ಟ ಇರುವುದು ಮೂವತ್ತೈದು ವರ್ಷದ, ಚೆನ್ನಾಗಿ ಹಾಡುವ, ಊರಲ್ಲಿ ಎಲ್ಲರಿಗೂ ಗೊತ್ತಿರುವ, ಪದ್ಮ ಇಲ್ಲದ ಗಾಯಕನದ್ದು.

ಅವನ ಹತ್ತಿರ ಏನಿದೆ ನೋಡೋಣ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತೋತ್ಸವದಲ್ಲಿ ಹಾಡಿದ್ದಾನೆ. ನಮಗೆ ಇಷ್ಟು ಹೇಳಿದರೆ ಸಾಕು, ಕೇಳಿದವರು ಎದ್ದು ಕೂರುತ್ತಾರೆ. ಅಮೆರಿಕದ ಅಧಿಕಾರಿಗೆ ಕುಂದಗೋಳ ಎಂದರೆ ನಕಾಶೆಯಲ್ಲಿ ಒಂದು ಚುಕ್ಕಿ. ಮಾನದಂಡ ಕೇಳುವುದು ಏನೆಂದರೆ, 'ಪ್ರತಿಷ್ಠಿತ' ಕಾರ್ಯಕ್ರಮದಲ್ಲಿ ನೀವು 'ಪ್ರಮುಖ' ಪಾತ್ರ ವಹಿಸಿದ್ದೀರಾ. ಎರಡನ್ನೂ ಬೇರೆ ಬೇರೆ ಸಾಬೀತು ಮಾಡಬೇಕು. ಈ ವೇದಿಕೆ ಪ್ರತಿಷ್ಠಿತ ಎನ್ನಲು, ಸವಾಯಿ ಗಂಧರ್ವರು ಯಾರು, ಗಂಗೂಬಾಯಿ ಮತ್ತು ಭೀಮಸೇನರಿಗೆ ಅವರೇ ಗುರು, ಆ ಶಿಷ್ಯರು ಇದೇ ವೇದಿಕೆಯಲ್ಲಿ ಹಾಡಿದರು ಎಂಬುದಕ್ಕೆ ಪುಸ್ತಕದ, ಪತ್ರಿಕೆಯ ಪುಟಗಳು. ನೀವು ಪ್ರಮುಖ ಎನ್ನಲು ಆಮಂತ್ರಣ ಪತ್ರಿಕೆ.

ಆಮಂತ್ರಣ ಪತ್ರಿಕೆ ಎಂದೆನಲ್ಲ. ನಮ್ಮ ಕಡೆಯ ಆಮಂತ್ರಣ ಪತ್ರಿಕೆ ಒಂದು ಸಲ ಕಣ್ಣಾರೆ ನೋಡಿ. ಮೇಲೆ ದೇವರ ಹೆಸರು, ಅದರ ಕೆಳಗೆ ಸಾನ್ನಿಧ್ಯ ವಹಿಸುವ ಸ್ವಾಮೀಜಿ, ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ, ಸ್ವಾಗತ, ವಂದನಾರ್ಪಣೆ. ಎಲ್ಲರಿಗೂ ದಪ್ಪ ಅಕ್ಷರ. ಕೊನೆಗೆ ಸಣ್ಣ ಅಕ್ಷರದಲ್ಲಿ "ನಂತರ ಸಂಗೀತ ಕಾರ್ಯಕ್ರಮ: ಇಂಥವರು, ಇಂಥವರು ಹಾಗೂ ಸಂಗಡಿಗರಿಂದ". ರಾತ್ರಿಯಿಡೀ ಹಾಡಿದವನ ಹೆಸರು 'ಸಂಗಡಿಗರು' ಎಂಬಲ್ಲಿ ಕರಗಿ ಹೋಗಿರುತ್ತದೆ. ಅದನ್ನು ನಾನು ಪ್ರಾಮಾಣಿಕವಾಗಿ ಅನುವಾದಿಸಿದರೆ, ಸ್ವಾಗತ ಭಾಷಣ ಮಾಡಿದವರಿಗೇ ಓ-1 ಸಿಕ್ಕೀತು! ಆದ್ದರಿಂದ ಕಾರ್ಯಕ್ರಮ ಒಪ್ಪಿಕೊಳ್ಳುವಾಗಲೇ ಸಂಘಟಕರಿಗೆ ಸಂಕೋಚವಿಲ್ಲದೆ ಹೇಳಿ: ಹೆಸರು ಪೂರ್ತಿ ಬರಲಿ, ಮುಖ್ಯ ಗಾಯಕರು ಎಂದು ಬರಲಿ. ಮುಗಿದ ಮೇಲೆ ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ದಿನಾಂಕ, ಸ್ಥಳ, ಎಷ್ಟು ಜನ ಕೇಳುಗರು, ಕೊಟ್ಟ ಸಂಭಾವನೆ ಬರೆಸಿಕೊಳ್ಳಿ. ಸಂಭಾವನೆಯನ್ನು ಲಕೋಟೆಯಲ್ಲಿ ನಗದಾಗಿ ತಗೊಂಡು ಬಂದರೆ 'ಹೆಚ್ಚಿನ ಸಂಭಾವನೆ' ಎಂಬ ಮಾನದಂಡಕ್ಕೆ ಪುರಾವೆ ಇಲ್ಲ. ಬ್ಯಾಂಕಿಗೆ ಹಾಕಲಿ.

ನಮ್ಮಲ್ಲಿ ಕಣ್ಣೆದುರೇ ಇದ್ದು ಯಾರೂ ಫೈಲಿಗೆ ಹಾಕದ ಒಂದು ಕಾಗದವಿದೆ. ಆಕಾಶವಾಣಿಯ ಗ್ರೇಡು. ಧಾರವಾಡ ಆಕಾಶವಾಣಿ 1950ರಿಂದ ಇದೆ. ಧ್ವನಿಪರೀಕ್ಷೆ ಮಾಡಿ ಬಿ, ಬಿ-ಹೈ, ಎ, ಟಾಪ್ ಎಂದು ಶ್ರೇಣಿ ಕೊಡುತ್ತದೆ. "ಗ್ರೇಡ್ ಐತಿ ಸರ್, ಅದೇನ್ ದೊಡ್ಡದು?" ಅನ್ನುತ್ತಾರೆ ಹುಡುಗರು. ಹಿತ್ತಲ ಗಿಡ ಮದ್ದಲ್ಲ ನೋಡಿ! ರಾಷ್ಟ್ರವೊಂದರ ಸಾರ್ವಜನಿಕ ಪ್ರಸಾರ ಸಂಸ್ಥೆ ಪರಿಣತರ ಮಂಡಳಿಯ ಮೂಲಕ ಕೊಟ್ಟ ಶ್ರೇಣಿ ಅದು. ಎ ಅಥವಾ ಟಾಪ್ ಇದ್ದರೆ, ಆ ಪದ್ಧತಿ ಏನು ಎಂದು ಒಂದು ಪುಟ ವಿವರಣೆಯ ಜೊತೆ ಇಡಿ. ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ (ಐಸಿಸಿಆರ್) ಕಲಾವಿದರ ಪಟ್ಟಿಯಲ್ಲಿ ಹೆಸರಿದ್ದರೆ ಅದೂ ಹಾಗೆಯೇ. 40ರ ಒಳಗಿನವರಿಗೆ ಸಂಗೀತ ನಾಟಕ ಅಕಾಡೆಮಿ ಕೊಡುವ ಬಿಸ್ಮಿಲ್ಲಾ ಖಾನ್ ಯುವ ಪುರಸ್ಕಾರ ಸಿಕ್ಕವರಂತೂ ಅದನ್ನು ಫೈಲಿನ ಮೊದಲ ಪುಟಕ್ಕೆ ತರಬೇಕು, ಶಾಲು-ಹಾರದ ಫೋಟೋಗಳ ನಡುವೆ ಹುಗಿಯಬಾರದು. ಫೋಟೋ ಯಾವುದಕ್ಕೂ ಪುರಾವೆಯಲ್ಲ. ಶಾಲು ಹೊದಿಸಿಕೊಂಡ ಫೋಟೋ ನಮ್ಮ ಜಿಲ್ಲೆಯಲ್ಲಿ ಯಾರ ಮನೆಯಲ್ಲಿ ಇಲ್ಲ ಹೇಳಿ?

ಪೇಪರ್ ಕಟಿಂಗಿನ ಕತೆ ಇನ್ನೂ ರುಚಿಯಾಗಿದೆ. ನಿಮ್ಮ ಬಗ್ಗೆ ಬಂದ ಬರಹವಾದರೆ ಅದರ ಶೀರ್ಷಿಕೆ, ದಿನಾಂಕ, ಬರೆದವರ ಹೆಸರು ಬೇಕು ಎಂದು ನಿಯಮದಲ್ಲೇ ಇದೆ. ನಮ್ಮವರು ಏನು ಮಾಡುತ್ತಾರೆ? ತಮ್ಮ ಫೋಟೋ ಇರುವ ಚೌಕವನ್ನಷ್ಟೇ ಒಪ್ಪವಾಗಿ ಕತ್ತರಿಸಿ, ಆಲ್ಬಮ್ಮಿಗೆ ಗೋಂದು ಹಚ್ಚಿ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ. ಪತ್ರಿಕೆ ಸಂಯುಕ್ತ ಕರ್ನಾಟಕವೋ ಪ್ರಜಾವಾಣಿಯೋ ಗೊತ್ತಿಲ್ಲ, ಯಾವ ಇಸವಿಯೋ ಗೊತ್ತಿಲ್ಲ. ಒಬ್ಬ ತಬಲಾ ಕಲಾವಿದರು ತಂದ ಕಟಿಂಗು ಹಾಗೇ ಇತ್ತು. ಒಳ್ಳೆಯ ವಿಮರ್ಶೆ, ಎರಡು ಕಾಲಮ್ಮು, ಅವರ ಕಾಯದಾ-ರೇಲಾಗಳನ್ನು ಬಿಡಿಸಿ ಬರೆದಿದ್ದರು. ದಿನಾಂಕ ಮಾತ್ರ ಇಲ್ಲ. ಉಗಿ ಹಿಡಿದು ನಿಧಾನಕ್ಕೆ ಬಿಡಿಸಿ ಹಿಂದಿನ ಮಗ್ಗುಲು ನೋಡಿದರೆ ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಧಾರಣೆ! ಕಡ್ಡಿ ಇಷ್ಟು, ಡಬ್ಬಿ ಇಷ್ಟು, ಇಂಥ ವಾರದ ಪೇಟೆ ಅಂತ. ಆ ವಾರ ಹಿಡಿದು ಗ್ರಂಥಾಲಯದ ಹಳೆಯ ಬೈಂಡುಗಳಲ್ಲಿ ಹುಡುಕಿದಾಗ ಇಡೀ ಪುಟ ಸಿಕ್ಕಿತು, ಬರೆದವರ ಹೆಸರೂ ಸಿಕ್ಕಿತು. ಅವರ ಫೈಲಿನಲ್ಲಿ ಆ ಒಂದು ವಿಮರ್ಶೆಯಷ್ಟು ಗಟ್ಟಿ ಕಾಗದ ಮತ್ತೊಂದು ಇರಲಿಲ್ಲ. ಅದಕ್ಕೇ ಹೇಳುವುದು, ಕತ್ತರಿ ಮುಟ್ಟಬೇಡಿ. ಪೂರ್ತಿ ಪುಟ ಮಡಚಿ ಇಡಿ.

ಕನ್ನಡದ ಕಾಗದವಾದರೆ ಪೂರ್ಣ ಇಂಗ್ಲಿಷ್ ಅನುವಾದ ಬೇಕು. ಸಾರಾಂಶ ನಡೆಯುವುದಿಲ್ಲ. ಕೊನೆಗೆ ಅನುವಾದಕ ಒಂದು ಪ್ರಮಾಣ ಬರೆಯಬೇಕು: ಈ ಅನುವಾದ ಪೂರ್ಣವಾಗಿದೆ, ಸರಿಯಾಗಿದೆ, ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸುವ ಯೋಗ್ಯತೆ ನನಗಿದೆ ಎಂದು. ಕೆಳಗೆ ಸಹಿ, ಹೆಸರು, ವಿಳಾಸ, ದಿನಾಂಕ. ಅಷ್ಟೇ. ಇದಕ್ಕೆ ನೋಟರಿ ಬೇಕಿಲ್ಲ. ಹುಬ್ಬಳ್ಳಿಯಲ್ಲಿ ಕೋರ್ಟಿನ ಮುಂದೆ ಸ್ಟ್ಯಾಂಪ್ ಪೇಪರ್ ಹಿಡಿದು ಓಡಾಡಿದವರಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ. ಕೆಂಪು ಸೀಲು ಇಲ್ಲದ ಕಾಗದ ನಮ್ಮ ಕಣ್ಣಿಗೆ ಕಾಗದವೇ ಅಲ್ಲ.

ಈಗ ನನಗೆ ಬಹಳ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಶಿಫಾರಸು ಪತ್ರ.

ನಮ್ಮ ಪರಂಪರೆಯಲ್ಲಿ ಗುರುವಿನ ಮಾತೇ ಕೊನೆಯ ಮಾತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು "ಹಾಡು ತಮ್ಮಾ" ಎಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವುದಿತ್ತು? ಆದರೆ ಈ ಫೈಲಿನ ಲೆಕ್ಕವೇ ಬೇರೆ. ಅಲ್ಲಿ ಗುರುವಿನ ಪತ್ರ ಎಲ್ಲಕ್ಕಿಂತ ಹಗುರ. ಯಾಕೆ? ಗುರು ಶಿಷ್ಯನನ್ನು ಹೊಗಳದೆ ಇನ್ನೇನು ಮಾಡಿಯಾನು ಎಂಬುದು ಅವರ ತರ್ಕ. ಅವರಿಗೆ ತೂಕದ್ದು ಎಂದರೆ, ನಿಮ್ಮನ್ನು ವೈಯಕ್ತಿಕವಾಗಿ ಅರಿಯದ, ನಿಮ್ಮ ಕೆಲಸದಿಂದ ಮಾತ್ರ ನಿಮ್ಮ ಹೆಸರು ಕೇಳಿದ, ಅದೇ ಕ್ಷೇತ್ರದ ಪರಿಣತರ ಪತ್ರ. ಇದನ್ನು ಕೇಳಿ ಒಬ್ಬ ಹಿರಿಯ ಗಾಯಕರು ನನ್ನ ಮೇಲೆ ಸಿಟ್ಟಾದರು. "ನನ್ನ ಗುರುಗಳ ಸಹಿಗೆ ಬೆಲೆ ಇಲ್ಲಂದ್ರ ಆ ದೇಶಕ್ಕ ಯಾಕ ಹೋಗಬೇಕು?" ಅಂದರು. ಅವರ ಮಾತಿನಲ್ಲಿ ಹುರುಳಿದೆ. ಕಲೆಯನ್ನು ಹೆಚ್ಚು ಹತ್ತಿರದಿಂದ ಬಲ್ಲವನ ಮಾತೇ ಕಡಿಮೆ ನಂಬಿಕೆಗೆ ಅರ್ಹ ಎನ್ನುವುದು ಕಚೇರಿಯ ಬುದ್ಧಿ, ಕಲೆಯ ಬುದ್ಧಿಯಲ್ಲ. ನಾನು ಅದನ್ನು ಸರಿ ಎನ್ನುತ್ತಿಲ್ಲ. ಅರ್ಜಿ ಹಾಕುವವರು ತಿಳಿದಿರಲಿ ಎನ್ನುತ್ತಿದ್ದೇನೆ.

ಪತ್ರದ ಒಳಗಿನ ಮಾತೂ ಹಾಗೆಯೇ. ನಮ್ಮವರು ಬರೆದುಕೊಡುವ ಪತ್ರ ಹೇಗಿರುತ್ತದೆ ಎಂದರೆ: "ಈತನು ವಿನಯಶೀಲ, ಸದ್ಗುಣಿ, ದೈವಭಕ್ತ, ಕಷ್ಟಪಟ್ಟು ದುಡಿಯುವ ಸ್ವಭಾವದವನಾಗಿದ್ದು, ಇವನಿಗೆ ಉಜ್ವಲ ಭವಿಷ್ಯವಿದೆ." ಕನ್ಯೆ ನೋಡಲು ಹೊರಟವರಿಗೆ ಕೊಡುವ ಪತ್ರ ಇದು. ಬರೆಯಬೇಕಾದದ್ದು: ನಾನು ಯಾರು, ಈ ಕ್ಷೇತ್ರದಲ್ಲಿ ನನ್ನ ಮಾತಿಗೆ ಯಾಕೆ ಬೆಲೆ, ಇವರನ್ನು ಎಲ್ಲಿ ಯಾವಾಗ ಕೇಳಿದೆ, ಕಿರಾನಾ ಘರಾಣೆಯ ಆಲಾಪದಲ್ಲಿ ಇವರು ಬೇರೆಯವರು ಮಾಡದ್ದು ಏನನ್ನು ಮಾಡುತ್ತಾರೆ, ಅದನ್ನು ಕೇಳಿ ನಮ್ಮ ಉತ್ಸವಕ್ಕೆ ಕರೆದೆವೋ ಇಲ್ಲವೋ, ಬೇರೆ ಗಾಯಕರ ಮೇಲೆ ಅದರ ಪರಿಣಾಮ ಏನು. ಒಂದೊಂದು ವಾಕ್ಯಕ್ಕೂ ಫೈಲಿನಲ್ಲಿ ಬೇರೆ ಕಾಗದ ಇರಬೇಕು. ಮತ್ತೆ, ಎಲ್ಲರ ಪತ್ರವನ್ನೂ ಒಬ್ಬನೇ ಬರೆದು ಸಹಿ ಹಾಕಿಸುವ ಚಾಳಿ ಬಿಡಿ. ಐದು ಜನ ಪಂಡಿತರು ಒಂದೇ ವಾಕ್ಯ, ಒಂದೇ ಕಾಗುಣಿತ ತಪ್ಪಿನ ಸಮೇತ ಬರೆದದ್ದನ್ನು ಅಧಿಕಾರಿ ಗುರುತಿಸಲಾರನೇ?

ಇದೇ ಬಿಸಿಯಲ್ಲಿ ಇನ್ನೊಂದು ದಂಧೆಯ ಮಾತು. ರೊಕ್ಕ ಕೊಟ್ಟರೆ ಗೌರವ ಡಾಕ್ಟರೇಟ್ ಕೊಡುವವರನ್ನು ನಾವು ಕಂಡಿದ್ದೇವೆ. ಕರೀ ಗೌನು, ಚೌಕದ ಟೋಪಿ, ಹೋಟೆಲಿನ ಸಭಾಂಗಣ. ಅದೇ ಜಾತಿಯದ್ದು ಈಗ ಇಂಗ್ಲಿಷಿನಲ್ಲಿ ಬಂದಿದೆ. 'ಅಂತರರಾಷ್ಟ್ರೀಯ' ಪ್ರಶಸ್ತಿ, ಶುಲ್ಕ ಕಟ್ಟಿದವರಿಗೆಲ್ಲ 'ಫೆಲೋ' ಸದಸ್ಯತ್ವ, ಹಣ ಕೊಟ್ಟು ಹಾಕಿಸುವ ಲೇಖನ, ಒಂದು ದಿನದ ತೀರ್ಪುಗಾರಿಕೆ. ಪ್ಯಾಕೇಜ್ ಮಾಡಿ ಮಾರುತ್ತಾರೆ. ಇಂಜಿನಿಯರ್ ಹುಡುಗರೇ ಹೆಚ್ಚು ಗಿರಾಕಿಗಳು. ಇದು ಎಣಿಕೆಯ ಹಂತದಲ್ಲಿ ಒಮ್ಮೊಮ್ಮೆ ದಾಟೀತು. ಆದರೆ ಎಲ್ಲ ಪ್ರಶಸ್ತಿಯೂ ಅರ್ಜಿಗೆ ಆರು ತಿಂಗಳು ಮೊದಲು ಸಾಲಾಗಿ ಬಂದಿದ್ದರೆ ಯಾರಿಗಾದರೂ ಮೂಗಿಗೆ ವಾಸನೆ ಬಡಿಯುತ್ತದೆ. ಬೇಕೆಂದೇ ಸುಳ್ಳು ಹೇಳಿದ್ದು ಸಾಬೀತಾದರೆ ಆ ಅರ್ಜಿಯಷ್ಟೇ ಹೋಗುವುದಿಲ್ಲ. ಅಮೆರಿಕದ ಬಾಗಿಲು ಬದುಕಿನುದ್ದಕ್ಕೂ ಮುಚ್ಚಬಹುದು, ಮಗಳ ಬಾಣಂತನಕ್ಕೆ ಹೋಗಲೂ ತೊಂದರೆ. ಈ ಮಾತನ್ನು ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ, ಯಾಕೆಂದರೆ ಆ ಪ್ಯಾಕೇಜಿನ ಕಾಗದಗಳು ನನ್ನ ಹತ್ತಿರ 'ಸ್ವಲ್ಪ ಇಂಗ್ಲಿಷ್ ತಿದ್ದಿ ಕೊಡ್ರಿ' ಎಂದು ಬಂದಿವೆ. ತಿದ್ದದೆ ವಾಪಸ್ ಕಳಿಸಿದ್ದೇನೆ.

ಎಲ್ಲರಿಗೂ ಓ-1 ವೀಸಾವೇ ಬೇಕೆಂದಿಲ್ಲ. ಜಾನಪದ ತಂಡ, ಡೊಳ್ಳು, ಜಗ್ಗಲಿಗೆ, ಪಾರಿಜಾತದ ಮೇಳ ಒಂದು ಕಾರ್ಯಕ್ರಮದ ಸರಣಿಗೆ ಹೋಗುವುದಾದರೆ ಪಿ-3 ಎಂಬುದಿದೆ. ಒಂದು ಸಂಸ್ಕೃತಿಗೆ ವಿಶಿಷ್ಟವಾದ ಕಲೆಯನ್ನು ತೋರಿಸಲು, ಕಲಿಸಲು ಬರುವವರಿಗೆ ಅದು; ಅವಧಿ ಒಂದು ವರ್ಷದವರೆಗೆ. ಅಲ್ಲಿ ಕೇಳುವುದು ನೀವು ತುದಿಯಲ್ಲಿದ್ದೀರಾ ಎಂದಲ್ಲ, ನಿಮ್ಮ ಕಲೆ ಅಪ್ಪಟವೇ ಎಂದು. ನಮ್ಮ ಎಷ್ಟೋ ಮೇಳಗಳಿಗೆ ಇದೇ ಸರಿಯಾದ ಅಂಗಿ. ಓ-1 ಗಾಯಕನ ಜೊತೆ ಹೋಗುವ ತಬಲಾ, ಹಾರ್ಮೋನಿಯಂನವರಿಗೆ ಓ-2. ಆದರೆ 'ಯಾರೋ ಒಬ್ಬ ತಬಲಾದವನು' ಎಂದರೆ ಒಪ್ಪುವುದಿಲ್ಲ. ಈ ಗಾಯಕನ ಜೊತೆ ನುಡಿಸಿದ ಅನುಭವ, ಅಲ್ಲಿ ಸುಲಭಕ್ಕೆ ಸಿಗದ ಕೌಶಲ ತೋರಿಸಬೇಕು. ಒಟ್ಟಿಗೆ ಹೆಸರು ಇರುವ ಹಳೆಯ ಕರಪತ್ರಗಳು ಅಲ್ಲಿ ಉಪಯೋಗಕ್ಕೆ ಬರುತ್ತವೆ. ಇನ್ನು ಪ್ರವಾಸಿ ವೀಸಾ ಮೇಲೆ ಹೋಗಿ ಟಿಕೆಟ್ ಇಟ್ಟ ಸಭೆಯಲ್ಲಿ ಹಾಡಿ ಬರುವುದು. "ಎಲ್ಲಾರೂ ಹಂಗ ಹೋಗ್ತಾರ ಸರ್" ಅನ್ನುತ್ತಾರೆ. ವೃತ್ತಿ ಕಲಾವಿದರಿಗೆ ಅದು ನಿಯಮಕ್ಕೆ ವಿರುದ್ಧ. ವಿಮಾನ ನಿಲ್ದಾಣದಲ್ಲಿ ಫೋನು ತೆಗೆಸಿ ಪೋಸ್ಟರ್ ನೋಡಿದರೆ ಅಲ್ಲಿಂದಲೇ ತಿರುಗಿ ಬರಬೇಕಾದೀತು.

ಅಮೆರಿಕವೇ ಯಾಕೆ ಎಂದು ಕೇಳುವವರಿಗೆ ಬ್ರಿಟನ್ನಿನ ಗ್ಲೋಬಲ್ ಟ್ಯಾಲೆಂಟ್ ವೀಸಾ. 2020ರ ಫೆಬ್ರುವರಿಯಲ್ಲಿ ಹಳೆಯ ವ್ಯವಸ್ಥೆಯ ಜಾಗಕ್ಕೆ ಬಂದದ್ದು. ಇದರ ಒಂದು ಗುಣ ನನಗೆ ಹಿಡಿಸುತ್ತದೆ. ಯೋಗ್ಯತೆಯನ್ನು ವಲಸೆ ಅಧಿಕಾರಿ ತೀರ್ಮಾನಿಸುವುದಿಲ್ಲ. ವಿಜ್ಞಾನಕ್ಕೆ ರಾಯಲ್ ಸೊಸೈಟಿ, ಇಂಜಿನಿಯರಿಂಗಿಗೆ ರಾಯಲ್ ಅಕಾಡೆಮಿ ಆಫ್ ಇಂಜಿನಿಯರಿಂಗ್, ಕಲೆಗೆ ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್, ಹೀಗೆ ಬಲ್ಲವರ ಸಂಸ್ಥೆಗಳು ಅನುಮೋದನೆ ಕೊಡುತ್ತವೆ. ಈಗಾಗಲೇ ಹೆಸರು ಮಾಡಿದವರಿಗೊಂದು, ಭರವಸೆ ಹುಟ್ಟಿಸಿದ ಎಳೆಯರಿಗೊಂದು, ಎರಡು ದಾರಿ. ಕಲಾವಿದರಾದರೆ ಮೂರು ಪತ್ರ, ಹತ್ತು ಪುರಾವೆಗಿಂತ ಹೆಚ್ಚು ಬೇಡ. ಕೆಲಸ ಕೊಡುವವರು ಬೇಕಿಲ್ಲ. ಹತ್ತೇ ಪುರಾವೆ ಎಂದಾಗ ಮನುಷ್ಯ ಆಯ್ಕೆ ಮಾಡಲು ಕಲಿಯುತ್ತಾನೆ. ಓ-1ಕ್ಕೆ ಆಳೆತ್ತರದ ಫೈಲು ಮಾಡಿಸುವವರಿಗೆ ಇದನ್ನು ತೋರಿಸಬೇಕು. ಆಸ್ಟ್ರೇಲಿಯಾ ತನ್ನ ಗ್ಲೋಬಲ್ ಟ್ಯಾಲೆಂಟ್ ವೀಸಾವನ್ನು 2024ರ ಡಿಸೆಂಬರಿನಲ್ಲಿ ನ್ಯಾಷನಲ್ ಇನ್ನೊವೇಶನ್ ವೀಸಾ ಎಂದು ಬದಲಿಸಿತು, ಯುಎಇಯ 10 ವರ್ಷದ ಗೋಲ್ಡನ್ ವೀಸಾದಲ್ಲಿ ಕಲಾವಿದರಿಗೂ ಜಾಗವಿದೆ, ಚೀನಾ 2025ರ ಅಕ್ಟೋಬರಿನಿಂದ ವಿಜ್ಞಾನದ ಯುವಕರಿಗೆ ಕೆ ವೀಸಾ ಶುರು ಮಾಡಿದೆ. ಇವುಗಳ ಫೈಲು ನನ್ನ ಕೈಗೆ ಬಂದಿಲ್ಲ, ಆದ್ದರಿಂದ ಮುಂದೆ ಹೋಗುತ್ತೇನೆ.

ಇಬಿ-1ಎ ಮಂಜೂರಾದರೆ ಮರುದಿನವೇ ಗ್ರೀನ್ ಕಾರ್ಡು ಎಂದು ತಿಳಿದವರಿಗೆ ಒಂದು ಮಾತು. ಉದ್ಯೋಗ ಆಧಾರದ ಗ್ರೀನ್ ಕಾರ್ಡು ವರ್ಷಕ್ಕೆ ಸುಮಾರು 1,40,000. ಅದರಲ್ಲಿ ಇಬಿ-1ಎ ಸೇರಿರುವ ಇಬಿ-1 ವರ್ಗದ ಪಾಲು ಸುಮಾರು 40,000, ಹೆಂಡತಿ ಮಕ್ಕಳೂ ಅದರಲ್ಲೇ ಲೆಕ್ಕ. ಒಂದು ದೇಶಕ್ಕೆ ಸಾಮಾನ್ಯವಾಗಿ ಶೇ. 7ಕ್ಕಿಂತ ಹೆಚ್ಚಿಲ್ಲ. ಹೀಗಾಗಿ ಭಾರತದವರಿಗೆ ಇಲ್ಲೂ ವರ್ಷಗಳ ಪಾಳಿ ಇದೆ, ಅದರ ಕೆಳಗಿನ ಇಬಿ-2 ವರ್ಗದಷ್ಟು ಉದ್ದವಲ್ಲ ಅಷ್ಟೇ. ಮತ್ತೆ ಅವರು ನೋಡುವುದು ನಿಮ್ಮ ಪಾಸ್‌ಪೋರ್ಟನ್ನಲ್ಲ, ನೀವು ಹುಟ್ಟಿದ ಊರನ್ನು. ಕೆನಡಾದ ಪೌರನಾದರೂ ಹುಟ್ಟಿದ್ದು ಹಾವೇರಿ ದವಾಖಾನೆಯಲ್ಲಾದರೆ ಭಾರತದ ಪಾಳಿಯಲ್ಲೇ ನಿಲ್ಲಬೇಕು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಚೀಟಿ ಕಳಿಸಿದ್ದಾರೆ. ಅಳಿಯನಿಗೆ ಓ-1 ಆಗುವ ಹಾಗಿದೆ, ಮಗಳು ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್, ಅಲ್ಲಿ ಹೋಗಿ ಕೆಲಸ ಮಾಡಬಹುದೇ ಎಂದು. ಇಲ್ಲ ತಾಯಿ. ಓ-1ರವರ ಹೆಂಡತಿ ಅಥವಾ ಗಂಡ, ಮತ್ತು 21 ವರ್ಷದೊಳಗಿನ ಮಕ್ಕಳಿಗೆ ಓ-3 ಕೊಡುತ್ತಾರೆ. ಓದಬಹುದು, ದುಡಿಯುವಂತಿಲ್ಲ. ದುಡಿಯಬೇಕಾದರೆ ಅವರ ಸ್ವಂತ ಅರ್ಹತೆಯ ಮೇಲೆ ಬೇರೆ ವೀಸಾ ಆಗಬೇಕು. ಬ್ರಿಟನ್ನಿನ ವೀಸಾದಲ್ಲಾದರೆ ಜೊತೆಗೆ ಹೋದವರೂ ಕೆಲಸ ಮಾಡಬಹುದು. ಅಳಿಯನ ಫೈಲು ಅಮೆರಿಕಕ್ಕೆ ಕಳಿಸುವ ಮೊದಲು ಮಗಳನ್ನೂ ಕೂರಿಸಿಕೊಂಡು ಇದನ್ನು ಮಾತಾಡಿ; ಅವಳ ಮುಂದೆ ಈ ವಿಷಯ ಯಾರೂ ತೆಗೆದಿಲ್ಲ ಎಂದು ಚೀಟಿಯ ಧಾಟಿಯಲ್ಲೇ ಗೊತ್ತಾಗುತ್ತದೆ.